ಹಳದಿ ಪಿನ್ನಿಗೆ ಕೆಂಪು ಪಿನ್ನಿನ ನ್ಯಾಯ ನಡೆಯದು

ಕಲ್ಯಾಣ ಮಂಟಪದ ಮೇಲ್ಮಹಡಿಯಲ್ಲಿ ಮುಹೂರ್ತ, ಕೆಳಗೆ ಊಟ. ಪಂಕ್ತಿಯಲ್ಲಿ ಕೂತವರಿಗೂ ಧಾರೆ ಕಾಣಲಿ ಎಂದು ಊಟದ ಹಾಲ್‌ನಲ್ಲಿ ನಾಲ್ಕು ಟಿವಿ ಇಟ್ಟು, ವಿಡಿಯೋದವರ ಕ್ಯಾಮೆರಾದಿಂದ ಬಂದ ಒಂದೇ ವಯರನ್ನು ಸುಲಿದು ತಿರುಚಿ ನಾಲ್ಕಕ್ಕೂ ಹಂಚುವುದುಂಟು. ಚಿತ್ರ ಮಬ್ಬಾಗುತ್ತದೆ, ಬಣ್ಣ ಬಂದು ಹೋಗುತ್ತದೆ, ಒಮ್ಮೊಮ್ಮೆ ಇಡೀ ಮಂಟಪವೇ ಪರದೆಯ ಮೇಲೆ ಉರುಳತೊಡಗುತ್ತದೆ. ಬೈಗುಳ ಮಾತ್ರ ಟಿವಿ ಬಾಡಿಗೆಗೆ ಕೊಟ್ಟವನಿಗೆ.

‘ವಯರು ವಯರೇ, ಕವಲು ಹೊಡೆಸಿದರೆ ಎಲ್ಲ ಕಡೆಗೂ ಅಷ್ಟೇ ಹೋಗುತ್ತದೆ’ ಎಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ವಿಡಿಯೋದ ಹಳದಿ ಪಿನ್ನಿನ ಪಕ್ಕದಲ್ಲೇ ಧ್ವನಿಯ ಕೆಂಪು, ಬಿಳಿ ಪಿನ್ನುಗಳಿವೆ. ಮೂರಕ್ಕೂ ಒಂದೇ ಆಕಾರ, ಒಂದೇ ಜಾಕ್. ಧ್ವನಿಯನ್ನು ವೈ ಕೇಬಲ್ ಹಾಕಿ ಎರಡು ಆಂಪ್ಲಿಫಯರ್‌ಗೆ ಕೊಟ್ಟರೆ ಕಿವಿಗೆ ವ್ಯತ್ಯಾಸವೇ ತಿಳಿಯದು, ಏಕೆಂದರೆ ಆಡಿಯೋ ಇನ್‌ಪುಟ್‌ನ ಪ್ರತಿರೋಧ ಸಾಮಾನ್ಯವಾಗಿ 10,000 ಓಮ್‌ಗೂ ಹೆಚ್ಚು. ಅದು ಎಳೆದುಕೊಳ್ಳುವ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ. ವಿಡಿಯೋ ಇನ್‌ಪುಟ್‌ನಲ್ಲಿರುವುದು ಬರೀ 75 ಓಮ್.

ಲೆಕ್ಕ ಸರಳ. ಕ್ಯಾಮೆರಾದೊಳಗೆ 2 ವೋಲ್ಟ್ ತಯಾರಾಗಿ 75 ಓಮ್ ಪ್ರತಿರೋಧದ ಮೂಲಕ ಹೊರಗೆ ಬರುತ್ತದೆ. ಆ ತುದಿಯಲ್ಲಿ ಟಿವಿಯ 75 ಓಮ್ ಸಿಕ್ಕಾಗ ಅರ್ಧ ಒಳಗೇ ಉಳಿದು, ಟಿವಿಗೆ 1 ವೋಲ್ಟ್ ತಲುಪುತ್ತದೆ. ಅದರಲ್ಲಿ 0.7 ವೋಲ್ಟ್ ಚಿತ್ರ, ಉಳಿದ 0.3 ಸಿಂಕ್, ಅಂದರೆ ಪ್ರತಿ ಸಾಲೂ ಎಲ್ಲಿಂದ ಶುರುವಾಗಬೇಕೆಂದು ಟಿವಿಗೆ ಹೇಳುವ ಮಿಡಿತ. ಎರಡು ಟಿವಿ ಸೇರಿಸಿದರೆ ಅರ್ಧರ್ಧ ಹಂಚಿಕೆಯಾಗುತ್ತದೆ ಎನ್ನುವವರೂ ಇದ್ದಾರೆ. ಅದೂ ಸರಿಯಲ್ಲ. ಎರಡಕ್ಕೆ ತಲಾ 0.67 ವೋಲ್ಟ್, ಮೂರಕ್ಕೆ 0.5, ನಾಲ್ಕಕ್ಕೆ 0.4.

‘ನಮ್ಮನೇಲಿ ಎರಡು ಟಿವಿ ಹೀಗೇ ನಡೀತಿದೆಯಲ್ಲ?’ ನಡೆಯುತ್ತದೆ. ಬಹಳಷ್ಟು ಟಿವಿಗಳು ಸಿಂಕ್ ಎಷ್ಟು ಕುಗ್ಗಿದೆ ಎಂದು ನೋಡಿಕೊಂಡು ಆ ಪ್ರಮಾಣದಲ್ಲಿ ಸಂಕೇತವನ್ನು ತಾವೇ ಹಿಗ್ಗಿಸಿಕೊಳ್ಳುತ್ತವೆ. ಜೊತೆಗೆ ಸಂಕೇತದಲ್ಲಿನ ಗದ್ದಲವೂ (ನಾಯ್ಸ್) ಹಿಗ್ಗುತ್ತದೆ ಎನ್ನುವುದು ಬೇರೆ ಮಾತು. ಮೂರನೆಯದೋ ನಾಲ್ಕನೆಯದೋ ಟಿವಿ ಸೇರುವ ಹೊತ್ತಿಗೆ ಈ ತೇಪೆ ಸಾಲದಾಗಿ, ಸಿಂಕ್ ಗುರುತು ಸಿಗದೆ ಚಿತ್ರ ಉರುಳುತ್ತದೆ.

ಇಷ್ಟು ತಿಳಿದವರು ಬೀಳುವ ಹಳ್ಳ ಇನ್ನೊಂದು: 75 ಓಮ್ ಎಳೆಯುವುದೇ ತೊಂದರೆಯಾದರೆ ಎಲ್ಲ ಕಡೆಯೂ ಅದನ್ನು ತೆಗೆದುಬಿಟ್ಟರಾಯಿತಲ್ಲ? ಆಗ ಪೂರ್ತಿ 2 ವೋಲ್ಟ್ ಬಂದು ಬಿಳಿ ಸೀರೆಯ ಅಂಚು, ಮಡಿಕೆ ಎಲ್ಲ ಅಳಿಸಿಹೋಗುತ್ತವೆ. ಸಾಲದ್ದಕ್ಕೆ, ಕೇಬಲ್‌ನ ತುದಿಯಲ್ಲಿ ಹೀರಿಕೊಳ್ಳುವವರಿಲ್ಲದೆ ಸಂಕೇತ ಹಿಂದಕ್ಕೆ ಪುಟಿಯುತ್ತದೆ. ಕೊಆಕ್ಸಿಯಲ್ ಕೇಬಲ್‌ನಲ್ಲಿ ಒಂದು ಮೀಟರ್ ಸಾಗಲು ಅದಕ್ಕೆ ಸುಮಾರು 5 ನ್ಯಾನೋಸೆಕೆಂಡ್ ಬೇಕು. 100 ಮೀಟರ್ ಕೇಬಲ್ಲಿನ ಆರಂಭದಲ್ಲಿರುವ ಟಿವಿಗೆ ಪ್ರತಿಫಲಿತ ಚಿತ್ರ 1 ಮೈಕ್ರೋಸೆಕೆಂಡ್ ತಡವಾಗಿ ಬರುತ್ತದೆ. ನಮ್ಮ ಪಾಲ್ ಪದ್ಧತಿಯಲ್ಲಿ ಒಂದು ಸಾಲಿನ ಕಾಣುವ ಭಾಗ 52 ಮೈಕ್ರೋಸೆಕೆಂಡ್. ಅಲ್ಲಿಗೆ 52 ಸೆಂಟಿಮೀಟರ್ ಅಗಲದ ಪರದೆಯಲ್ಲಿ ವರನ ಬಲಕ್ಕೆ ಒಂದು ಸೆಂಟಿಮೀಟರ್ ದೂರದಲ್ಲಿ ಇನ್ನೊಬ್ಬ ವರ!

ಬೇಕಾದ್ದು ಇಷ್ಟೇ: 75 ಓಮ್ ಇರಲೇಬೇಕು, ಒಂದೇ ಕಡೆ ಇರಬೇಕು, ಕೇಬಲ್‌ನ ಕೊನೆಯಲ್ಲಿ ಇರಬೇಕು. ಸ್ಟುಡಿಯೋ ಮಾನಿಟರುಗಳ ಹಿಂದೆ ಇನ್, ಔಟ್ ಎಂಬ ಎರಡು ಜಾಕ್, ಪಕ್ಕದಲ್ಲೊಂದು ಪುಟ್ಟ ಸ್ವಿಚ್ ಇರುವುದು ಇದಕ್ಕೇ. ಒಂದರಿಂದ ಒಂದಕ್ಕೆ ವಯರು ಎಳೆಯುತ್ತ ಹೋಗಿ, ಕೊನೆಯ ಮಾನಿಟರಿನಲ್ಲಿ ಮಾತ್ರ ಸ್ವಿಚ್ಚನ್ನು 75 ಓಮ್‌ಗೆ ಹಾಕುತ್ತಾರೆ. ಮುಂದಿನ ಮಾನಿಟರಿಗೆ ಹಿಂದಿನದರ ‘ಎಂಜಲು’ ಚಿತ್ರ ಹೋಗುತ್ತದೆ ಎಂಬ ಭಯ ಬೇಡ. ಆ ಎರಡು ಜಾಕ್‌ಗಳು ಒಳಗೆ ನೇರ ಬೆಸೆದುಕೊಂಡಿರುತ್ತವೆ, ಮಾನಿಟರ್ ಆಫ್ ಮಾಡಿದ್ದರೂ ಚಿತ್ರ ದಾಟುತ್ತದೆ. ಮನೆಯ ಟಿವಿಗಳಲ್ಲಿ ಇಂಥ ಸ್ವಿಚ್ ಸಾಮಾನ್ಯವಾಗಿ ಇರುವುದಿಲ್ಲ. ಅವಕ್ಕೆ ಡಿಸ್ಟ್ರಿಬ್ಯೂಷನ್ ಆಂಪ್ಲಿಫಯರ್ ಬೇಕು: ಒಂದು ಇನ್‌ಪುಟ್, ನಾಲ್ಕು ಔಟ್‌ಪುಟ್, ಪ್ರತಿಯೊಂದಕ್ಕೂ ಅದರದೇ 75 ಓಮ್. ಇದನ್ನು ಬೂಸ್ಟರ್ ಎಂದು ಕರೆದು, ಹಾಳಾದ ಚಿತ್ರವನ್ನು ಚೊಕ್ಕ ಮಾಡುತ್ತದೆಂದು ನಂಬಿ ಕೊನೆಯ ಟಿವಿಯ ಬಳಿ ಇಡುವವರಿದ್ದಾರೆ. ಬಂದಿದ್ದನ್ನೇ, ಗದ್ದಲದ ಸಮೇತ, ಹಂಚುವುದಷ್ಟೇ ಅದರ ಕೆಲಸ. ಇಡಬೇಕಾದ್ದು ಕ್ಯಾಮೆರಾದ ಬಳಿ.

ಕೇಬಲ್ ಟಿವಿಯ ಸ್ಪ್ಲಿಟರ್ ಹಾಕಿದರೆ? ಅದರ ಮೇಲೆಯೇ ಉತ್ತರ ಅಚ್ಚಾಗಿರುತ್ತದೆ: ಸಾಮಾನ್ಯವಾಗಿ 5ರಿಂದ 1000 ಮೆಗಾಹರ್ಟ್ಸ್. ಹಳದಿ ವಯರಿನ ವಿಡಿಯೋ ಮುಗಿಯುವುದೇ 5 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಸೆಕೆಂಡಿಗೆ 15,625 ಸಲ ಬರುವ ಸಾಲಿನ ಸಿಂಕ್ ಆ ಪುಟ್ಟ ಡಬ್ಬಿಯೊಳಗೆ ದಾರಿ ಕಾಣದೆ ಸೊರಗುತ್ತದೆ.

ಇದೆಲ್ಲ ಹಳೇ ಕಾಲದ ಸಂಗತಿಯೂ ಅಲ್ಲ. ಅಂಗಡಿಗಳಲ್ಲಿರುವ ಎಎಚ್‌ಡಿ, ಎಚ್‌ಡಿ-ಟಿವಿಐ ಸಿಸಿಟಿವಿ ಕ್ಯಾಮೆರಾಗಳೂ ಕೊಆಕ್ಸಿಯಲ್ ಕೇಬಲ್ ಮೇಲೆ ಅನಲಾಗ್ ಸಂಕೇತವನ್ನೇ, ಅದೇ 75 ಓಮ್ ಲೆಕ್ಕದಲ್ಲೇ ಕಳಿಸುತ್ತವೆ. ಅವನ್ನು ಹಂಚಲು ಹಳೆಯ ಆಂಪ್ಲಿಫಯರ್ ಸಾಲದು. ಈ ಸಂಕೇತಗಳ ಆವರ್ತನದ ಹರಹು ಹಲವು ಪಟ್ಟು ಹೆಚ್ಚು. ಆ ಹೆಸರುಗಳನ್ನು ನಮೂದಿಸಿದ ಡಬ್ಬಿಯನ್ನೇ ಕೇಳಿ ತರಬೇಕು. ಇಲ್ಲವೇ ಕ್ಯಾಮೆರಾದ ವಯರನ್ನು ಮುಟ್ಟದೆ, ಡಿವಿಆರ್‌ನ ಎಚ್‌ಡಿಎಂಐ ಔಟ್‌ನಿಂದ ಇನ್ನೊಂದು ಪರದೆಗೆ ಚಿತ್ರ ಕೊಡುವುದು ಅಗ್ಗದ ದಾರಿ.