ಗ್ರೀನ್ ಕಾರ್ಡಿಗೆ ಮುಂಬೈ ದಾರಿ

ಭಾರತದಲ್ಲಿದ್ದುಕೊಂಡೇ ಅಮೆರಿಕದ ಕಾಯಂ ನಿವಾಸಕ್ಕೆ ಅರ್ಜಿ ಹಾಕುವವರು ಪಡೆಯಬೇಕಾದದ್ದು ವಲಸೆ ವೀಸಾ. ಕುಟುಂಬ ವರ್ಗದಲ್ಲಿ ಮೊದಲ ಹೆಜ್ಜೆ ಅಲ್ಲಿರುವ ಬಂಧುವಿನದು. ಅವರು ಐ-130 ನಮೂನೆಯನ್ನು ಅಲ್ಲಿನ ವಲಸೆ ಇಲಾಖೆಗೆ ಸಲ್ಲಿಸಬೇಕು. ಪೌರರ ಪತಿ ಅಥವಾ ಪತ್ನಿ, ತಂದೆ-ತಾಯಿ, 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ವೀಸಾಗಳ ವಾರ್ಷಿಕ ಮಿತಿಯಿಲ್ಲ. ಒಡಹುಟ್ಟಿದವರ ಸರದಿ ಮಾತ್ರ 15 ವರ್ಷವನ್ನೂ ಮೀರಿ ಎಳೆಯುತ್ತದೆ. ಅಷ್ಟರಲ್ಲಿ ಅವರ ಮಕ್ಕಳು ವಯಸ್ಸು ಮೀರಿ ಅರ್ಜಿಯಿಂದ ಹೊರಬೀಳುವುದು ಈ ವ್ಯವಸ್ಥೆಯ ದೊಡ್ಡ ಅನ್ಯಾಯ.

ಮಂಜೂರಾದ ಕಡತ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಅಲ್ಲಿ ಶುಲ್ಕ, ಆನ್‌ಲೈನ್ ಡಿಎಸ್-260 ಅರ್ಜಿ, ಪ್ರಾಯೋಜಕರ ಆದಾಯದ ಪ್ರಮಾಣಪತ್ರ ಐ-864. ಆದಾಯ ಸಾಮಾನ್ಯವಾಗಿ ಬಡತನ ಮಟ್ಟದ ಶೇಕಡಾ 125ರಷ್ಟಾದರೂ ಇರಬೇಕು.

ಕರ್ನಾಟಕದ ಅರ್ಜಿದಾರರು ಎಡವುವುದು ಹೆಚ್ಚಾಗಿ ದಾಖಲೆಗಳಲ್ಲಿ. ಹಳ್ಳಿಯ ಮನೆಯಲ್ಲಿ ಹುಟ್ಟಿದ ಹಿರಿಯರ ಜನನ ಎಷ್ಟೋ ಸಲ ನೋಂದಣಿಯೇ ಆಗಿರುವುದಿಲ್ಲ. ಆಗ ಜನನ-ಮರಣ ನೋಂದಣಾಧಿಕಾರಿಯಿಂದ ದಾಖಲೆ ಲಭ್ಯವಿಲ್ಲವೆಂಬ ಪತ್ರ ಪಡೆದು, ಜೊತೆಗೆ ಶಾಲಾ ದಾಖಲೆ, ಬಂಧುಗಳ ಅಫಿಡವಿಟ್ ಒದಗಿಸಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರು ಪೂರ್ತಿ ಇದ್ದರೆ ಅದಕ್ಕೂ ವಿವರಣೆ ಸಿದ್ಧವಿರಲಿ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಕಚೇರಿಯಿಂದ ಸಿಗುತ್ತದೆ.

ನಿಗದಿತ ವೈದ್ಯರಲ್ಲಿ ತಪಾಸಣೆ ಮುಗಿದ ಮೇಲೆ ಮುಂಬೈ ಕಾನ್ಸುಲೇಟಿನಲ್ಲಿ ಸಂದರ್ಶನ. ವೀಸಾ ಅವಧಿ ಸಾಮಾನ್ಯವಾಗಿ ಗರಿಷ್ಠ ಆರು ತಿಂಗಳು. ಅಮೆರಿಕದ ವಿಮಾನನಿಲ್ದಾಣದಲ್ಲಿ ಪ್ರವೇಶ ಸಿಕ್ಕ ಕ್ಷಣದಿಂದಲೇ ಕಾಯಂ ನಿವಾಸಿಯ ಸ್ಥಾನ. ಕಾರ್ಡು ಅಂಚೆಯಲ್ಲಿ ಬರುತ್ತದೆ. ಪ್ರವೇಶದ ಹೊತ್ತಿಗೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಂಗಾತಿಗೆ ಎರಡೇ ವರ್ಷದ ಷರತ್ತುಬದ್ಧ ಕಾರ್ಡು; ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಐ-751 ಸಲ್ಲಿಸಬೇಕು.