ಎರಡಂಗುಲದೊಳಗೆ ಮೂರು ಲಿಪಿ

ಮೂರೂವರೆ ಅಂಗುಲ ಉದ್ದವೂ ಎರಡಂಗುಲ ಅಗಲವೂ ಉಳ್ಳ ಒಂದು ದಪ್ಪ ಕಾಗದದ ತುಂಡಿನ ಮೇಲೆ ಮೂರು ಲಿಪಿಗಳು ಪರಸ್ಪರ ಕಲಹವಿಲ್ಲದೆ ಬಾಳುವುದು ಸಾಧ್ಯವೆ ಎಂಬ ಪ್ರಶ್ನೆ ಕುಶಾಲನಗರಕ್ಕೆ ಹೋಗುವವರೆಗೆ ನನ್ನ ಚಿತ್ತದಲ್ಲಿ ಉದಿಸಿರಲೇ ಇಲ್ಲ. ಈಗ ಅದು ನನ್ನನ್ನು ಬಿಟ್ಟುಹೋಗುವ ಲಕ್ಷಣವೇ ಕಾಣುವುದಿಲ್ಲ. ಆ ಪೇಟೆಗೆ ನಾನು ಹೋದದ್ದು ಬೇರೊಂದು ಕಾರ್ಯಾರ್ಥವಾಗಿ. ಮಡಿಕೇರಿಯ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದಲೂ, ಜಡಿಮಳೆ ಹಿಡಿದುಕೊಂಡಿದ್ದುದರಿಂದಲೂ, ನಿಲ್ದಾಣದ ಸಮೀಪದ ಒಂದು ಸಣ್ಣ ಅಂಗಡಿಯ ಸೂರಿನಡಿಯನ್ನು ಸೇರಿಕೊಂಡೆ. ಜೆರಾಕ್ಸ್, ಲ್ಯಾಮಿನೇಷನ್, ಡಿಟಿಪಿ, ಮದುವೆ ಕಾಗದ, ವಿಸಿಟಿಂಗ್ ಕಾರ್ಡು ಎಂದು ಅಂಗಡಿಯ ಸಮಸ್ತ ವಿದ್ಯೆಗಳನ್ನೂ ಹೊರಗಿನ ಬೋರ್ಡಿನಲ್ಲಿ ಬರೆಸಿದ್ದರು. ಒಳಗೆ ಕಂಪ್ಯೂಟರಿನ ಮುಂದೆ ಅಂಗಡಿಯಾತ; ಅವನ ಮಗ್ಗುಲಲ್ಲಿ, ಗಾಜಿನ ಮೇಜಿನ ಮೇಲೆ ಗ್ರಾಫ್ ಹಾಳೆಯೊಂದನ್ನು ಹರಡಿಕೊಂಡು ನಿಂತ ಒಬ್ಬ ಯುವತಿ. ಇಬ್ಬರ ನಡುವೆ ಸೌಮ್ಯವಾದ, ಆದರೆ ಪಟ್ಟು ಸಡಿಲದ ಒಂದು ವಾಗ್ವಾದ ನಡೆದಿತ್ತು.

“ಮೇಡಂ, ಡಿಸೈನ್ ಎಲ್ಲ ರೆಡಿ ಇದೆ. ಹೆಸರು, ನಂಬರ್ ಹಾಕಿದರೆ ಮುಗೀತು.”

“ಬೇಡ ಅಣ್ಣ. ಇದು ನಾನೇ ಬರೆದದ್ದು, ಸ್ಕ್ಯಾನ್ ಮಾಡಿಕೊಡಿ ಸಾಕು.”

“ಕನ್ನಡಕ್ಕೆ ನುಡಿಯಲ್ಲೇ ಬೇಕಾದಷ್ಟು ಫಾಂಟ್ ಇದೆಯಲ್ಲ.”

“ಅದೇ ಫಾಂಟು ಎಲ್ಲರ ಮದುವೆ ಕಾಗದದಲ್ಲೂ ಇದೆ. ಅಕ್ಷರ ಬರೆಸಲಿಕ್ಕೆ ನನ್ನ ಹತ್ತಿರ ಬರುವವರಿಗೆ ಅದನ್ನೇ ತೋರಿಸಿದರೆ, ಅವರು ನನ್ನ ಹತ್ತಿರ ಯಾಕೆ ಬರಬೇಕು ಹೇಳಿ?”

ಈ ಕಡೆಯ ಮಾತಿಗೆ ಅಂಗಡಿಯಾತನಲ್ಲಿ ಉತ್ತರವಿರಲಿಲ್ಲ, ನನ್ನಲ್ಲಿಯೂ ಇಲ್ಲ. ಬಸ್ಸಿನ ವಿಷಯವನ್ನು ಮರೆತು ಹಾಳೆಯ ಕಡೆಗೆ ಬಾಗಿದೆ. ಆಕೆ ಯಾವ ಸಂಸ್ಥೆಯ ನೌಕರಿಯಲ್ಲಿಯೂ ಇಲ್ಲದೆ, ಕಾಫಿಪುಡಿಯ ಪೊಟ್ಟಣ, ಜೇನಿನ ಬಾಟಲಿಯ ಚೀಟಿ, ಹೋಂಸ್ಟೇಯ ಬೋರ್ಡು ಮೊದಲಾದವುಗಳಿಗೆ ಅಕ್ಷರ ಮತ್ತು ಚಿತ್ರಗಳನ್ನು ಬರೆದುಕೊಟ್ಟು ಜೀವಿಸುವ ಕಲಾವಿದೆ. ಈಗ ತನ್ನದೇ ವಿಸಿಟಿಂಗ್ ಕಾರ್ಡನ್ನು ನಾಲ್ಕರಷ್ಟು ದೊಡ್ಡದು ಮಾಡಿ ಬರೆದು ತಂದಿದ್ದರು. ಮೇಲಿನ ಸಾಲು ಕನ್ನಡ, ನಡುವಿನದು ಟಿಬೆಟನ್, ಕೆಳಗಿನದು ಇಂಗ್ಲಿಷ್. ಊರು ಯಾವುದೆಂಬುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಒಂದು ಕಾಲಕ್ಕೆ ಫ್ರೇಸರ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ ಈ ಪೇಟೆಯ ಕಾವೇರಿ ಸೇತುವೆಯನ್ನು ದಾಟಿದರೆ ಮೈಸೂರು ಜಿಲ್ಲೆಯ ಕೊಪ್ಪ. ಅಲ್ಲಿಂದ ತುಸು ದೂರಕ್ಕೆ, 1960ರ ದಶಕದ ಆದಿಭಾಗದಲ್ಲಿ ನೆಲೆಗೊಂಡ ಬೈಲುಕುಪ್ಪೆಯ ಟಿಬೆಟನ್ ವಸತಿ ಮತ್ತು 1963ರಲ್ಲಿ ಸ್ಥಾಪಿತವಾದ ನಾಮ್ಡ್ರೋಲಿಂಗ್ ವಿಹಾರ. ಅಲ್ಲಿಯ ಸ್ವರ್ಣಮಂದಿರವನ್ನು ನೋಡಿ ಬಂದ ವಾಚಕರಿಗೆ ಆ ಕಥೆಯನ್ನು ಪುನಃ ಹೇಳುವ ಪ್ರಯಾಸ ನನಗೆ ಬೇಡ. ಪ್ರಕೃತಕ್ಕೆ ಬೇಕಾದುದು ಇಷ್ಟೆ: ಈ ಕಲಾವಿದೆಯ ಗಿರಾಕಿಗಳಲ್ಲಿ ತೋಟದವರುಂಟು, ಬೆಂಗಳೂರಿನಿಂದ ಬರುವ ಹೋಂಸ್ಟೇ ವ್ಯವಹಾರದವರುಂಟು, ಆಚೆ ದಡದ ಊಟದ ಮನೆಯವರೂ ಧೂಪದ ವ್ಯಾಪಾರಿಗಳೂ ಉಂಟು.

“ಮೂರು ಕಾರ್ಡು ಮಾಡಿಸಬಹುದಿತ್ತು ಸರ್,” ಎಂದರು ಆಕೆ. “ಆದರೆ ಸೇತುವೆಯ ಈಚೆಗೊಂದು, ಆಚೆಗೊಂದು ಎಂದು ಜೇಬಿನಲ್ಲಿ ವಿಂಗಡಿಸಿ ಇಟ್ಟುಕೊಳ್ಳುವುದು ನನಗೆ ಸರಿಕಾಣಲಿಲ್ಲ.”

ಟಿಬೆಟನ್ ಸಾಲನ್ನು ಆಕೆ ಬರೆದಿರಲಿಲ್ಲ. ಆಚೆ ದಡದ ಚಿತ್ರಕಾರರೊಬ್ಬರು ಬಿದಿರಿನ ಲೇಖನಿಯಿಂದ ಬರೆದುಕೊಟ್ಟಿದ್ದರು. ತನ್ನ ಕೆಲಸವಲ್ಲದ್ದನ್ನು ತನ್ನದೆಂದು ತೋರಿಸಬಾರದೆಂದು ಆ ಸಾಲನ್ನು ಬೇರೆ ಮಸಿಯಲ್ಲಿ, ಕೆಂಪು ಕಾವಿಯ ವರ್ಣದಲ್ಲಿ ಉಳಿಸಿಕೊಂಡಿದ್ದರು. ಈ ಪ್ರಾಮಾಣಿಕತೆ ನನಗೆ ಬಹಳವಾಗಿ ಹಿಡಿಸಿತು.

ಆದರೆ ಸಮಸ್ಯೆಯಿದ್ದದ್ದು ವರ್ಣದಲ್ಲಿ ಅಲ್ಲ, ರೇಖೆಯಲ್ಲಿ. ಇಂಗ್ಲಿಷಿನ ಅಕ್ಷರ ಪಾದರೇಖೆಯ ಮೇಲೆ ನಿಲ್ಲುತ್ತದೆ. ಟಿಬೆಟನ್ ಗ್ರಂಥಲಿಪಿಯ ಅಕ್ಷರ ಶಿರೋರೇಖೆಯಿಂದ ಕೆಳಕ್ಕೆ ಇಳಿಬೀಳುತ್ತದೆ. ಕನ್ನಡದ ಅಕ್ಷರವಾದರೋ ತಲೆಕಟ್ಟನ್ನು ಹೊತ್ತು ಪಾದರೇಖೆಯ ಮೇಲೆ ದುಂಡಗೆ ಕುಳಿತು, ಒತ್ತಕ್ಷರ ಬಂದೊಡನೆ ಆ ರೇಖೆಯನ್ನು ಲೆಕ್ಕಿಸದೆ ಕೆಳಗಿನ ಅವಕಾಶಕ್ಕೆ ಕೈಚಾಚುತ್ತದೆ. “ಕುಶಾಲನಗರ” ಎಂದು ಬರೆಯಿರಿ, ಒಂದು ಕೊಂಬು ಹೊರತಾಗಿ ಎಲ್ಲವೂ ಶಾಂತ, ಒಂದೇ ಸಮತಲ. “ಸ್ವತಂತ್ರ” ಎಂದು ಬರೆಯಿರಿ, ಎರಡು ಕಡೆ ಕೆಳಗಿನ ಸಾಲಿನ ತಲೆಗೆ ಪೆಟ್ಟು. “ರಾಷ್ಟ್ರ”ದಂಥ ಮೂರು ವ್ಯಂಜನಗಳ ಜೋಡಣೆಯಿದ್ದರೆ ಕೇಳುವುದೇ ಬೇಡ. ಟಿಬೆಟನ್ನಿನಲ್ಲಿಯೂ ಇದೇ ವಿಧವಾಗಿ ಒಂದರ ಕೆಳಗೊಂದು ಮೂರು ವ್ಯಂಜನಗಳು ನಿಂತು, ಅವುಗಳ ಕೆಳಗೆ ಉಕಾರದ ಚಿಹ್ನೆಯೂ ಸೇರಬಹುದು. ಕನ್ನಡದ ಸಾಲು ಕೆಳಕ್ಕೆ ಚಾಚಿದಲ್ಲಿಯೇ ಟಿಬೆಟನ್ನಿನ ಶಿರೋರೇಖೆ ಬಂದು ತಡೆಯುವುದರಿಂದ, ಎರಡರ ನಡುವಿನ ಓಣಿಯನ್ನು ವಿಶಾಲಗೊಳಿಸಲೇಬೇಕು. ವಿಶಾಲಗೊಳಿಸಿದರೆ ದೂರವಾಣಿಯ ಸಂಖ್ಯೆಗೆ ಸ್ಥಳ ಸಾಲದು. ಎರಡಂಗುಲವೆಂದರೆ ಐವತ್ತೊಂದು ಮಿಲಿಮೀಟರು. ಕತ್ತರಿಸುವಾಗ ಅಲುಗು ತುಸು ಸರಿದರೂ ಅಕ್ಷರ ಹೋಗದಿರಲೆಂದು ಮೇಲೂ ಕೆಳಗೂ ನಾಲ್ಕೈದು ಮಿಲಿಮೀಟರು ಬಿಟ್ಟುಬಿಟ್ಟರೆ ಉಳಿಯುವುದು ನಲವತ್ತೊಂದೋ ನಲವತ್ತೆರಡೋ.

ಇಲ್ಲಿ ನನ್ನ ಕುತೂಹಲ ಕಾರ್ಡನ್ನು ಬಿಟ್ಟು ಅಡ್ಡದಾರಿ ಹಿಡಿದುದನ್ನು ವಾಚಕರು ಕ್ಷಮಿಸಬೇಕು. ಕನ್ನಡವೂ ಟಿಬೆಟನ್ನೂ ಬ್ರಾಹ್ಮಿಯ ಸಂತತಿ. ಕನ್ನಡ ಕದಂಬರ ಕಾಲದ ದಕ್ಷಿಣ ಶಾಖೆಯಿಂದ ಬೆಳೆದುಬಂದಿತು. ಟಿಬೆಟನ್ ಲಿಪಿಯನ್ನು ಏಳನೆಯ ಶತಮಾನದಲ್ಲಿ, ರಾಜ ಸೋಂಗ್‌ತ್ಸೆನ್ ಗಂಪೋವಿನ ಆಜ್ಞೆಯ ಮೇರೆಗೆ ಭಾರತಕ್ಕೆ ಬಂದು ಕಲಿತ ತೋನ್ಮಿ ಸಂಭೋಟನೆಂಬ ಮಂತ್ರಿ ರೂಪಿಸಿದನೆಂದು ಆ ಜನರ ಪರಂಪರೆ ಹೇಳುತ್ತದೆ. ಅಂದರೆ ಹಿಮಾಲಯವನ್ನು ದಾಟಿಹೋದ ಒಂದು ಶಾಖೆಯ ಮಕ್ಕಳು ಹದಿಮೂರು ಶತಮಾನಗಳ ತರುವಾಯ ಕಾವೇರಿಯ ದಡಕ್ಕೆ ಬಂದು, ತಮ್ಮ ದಾಯಾದಿಗಳ ಮಗ್ಗುಲಲ್ಲಿಯೇ ಮನೆಮಾಡಿದ್ದಾರೆ. ವ್ಯಂಜನದ ಕೆಳಗೆ ವ್ಯಂಜನವನ್ನು ಅಡಕುವ ಕುಲಾಚಾರವನ್ನು ಎರಡು ಮನೆಯವರೂ ಬಿಟ್ಟಿಲ್ಲ. ಕಂಪ್ಯೂಟರಿನ ವಿಧಾತರು ಮಾತ್ರ ಇವರಿಗೆ ಬೇರೆ ಬೇರೆ ಶಾಸನ ವಿಧಿಸಿದ್ದಾರೆ. ಯೂನಿಕೋಡಿನಲ್ಲಿ ಕನ್ನಡದ ಒತ್ತುಗಳಿಗೆ ಪ್ರತ್ಯೇಕ ಸಂಖ್ಯೆಯಿಲ್ಲ. ಮೊದಲ ವ್ಯಂಜನ, ಅನಂತರ ವಿರಾಮ, ಅನಂತರ ಎರಡನೆಯ ವ್ಯಂಜನ ಎಂದು ಕೊಟ್ಟರೆ ಒತ್ತಿನ ಆಕಾರವನ್ನು ಫಾಂಟು ತಾನೇ ಕಟ್ಟಿಕೊಳ್ಳತಕ್ಕದ್ದು. ಟಿಬೆಟನ್ನಿಗೂ 1991ರ ಮೊದಲ ಆವೃತ್ತಿಯಲ್ಲಿ ಇದೇ ಕ್ರಮವನ್ನು ವಿಧಿಸಿದ್ದರು. ಅದು ಒಗ್ಗದೆಂದು ಮುಂದಿನ ಆವೃತ್ತಿಯಲ್ಲಿ ಆ ಲಿಪಿಯನ್ನೇ ಹೊರಹಾಕಿ, 1996ರಲ್ಲಿ ಮತ್ತೆ ಒಳಗೆ ಕರೆದುಕೊಂಡಾಗ, ಕೆಳಗೆ ನಿಲ್ಲುವ ಪ್ರತಿಯೊಂದು ವ್ಯಂಜನರೂಪಕ್ಕೂ ಸ್ವತಂತ್ರ ಸಂಖ್ಯೆಯನ್ನು ಕೊಟ್ಟರು. ಒಂದು ಲಿಪಿಯನ್ನು ಸೇರಿಸಿ, ತೆಗೆದು, ಪುನಃ ಬೇರೆ ರೀತಿಯಲ್ಲಿ ಸೇರಿಸಿದ ಈ ವೃತ್ತಾಂತ ನನಗೆ ಅನೇಕ ರಾಜವಂಶಗಳ ಚರಿತ್ರೆಗಿಂತ ರೋಚಕವಾಗಿ ಕಾಣುತ್ತದೆ. ಪ್ರಯೋಜನವೇನು ಎಂದು ಕೇಳಿದರೆ, ಉಂಟು: ಹಳೆಯ ವಿನ್ಯಾಸ ತಂತ್ರಾಂಶದಲ್ಲಿ ಈ ಎರಡು ಲಿಪಿಗಳನ್ನೂ ತುಂಬಿದಾಗ, ಒಂದರಲ್ಲಿ ಒತ್ತು ಬಿಚ್ಚಿಕೊಂಡು ಅರ್ಧಾಕ್ಷರವಾಗಿ ನಿಲ್ಲುವುದೂ, ಇನ್ನೊಂದರಲ್ಲಿ ಅಡಕು ಚೆದುರುವುದೂ ಇದ್ದದ್ದೇ. ಕೈಬರಹದ ಸಾಲಿಗೆ ಈ ಪೀಡೆಯಿಲ್ಲ. ಅದು ಬರಿಯ ಚಿತ್ರ. ಬಿಚ್ಚಿಕೊಳ್ಳುವುದಕ್ಕೆ ಅಲ್ಲಿ ಏನೂ ಇಲ್ಲ.

ಕೈಬರಹವನ್ನು ಅಚ್ಚಿಗೆ ಇಳಿಸುವುದು ಹೊಸ ಹುಚ್ಚೆಂದು ತಿಳಿಯುವವರಿಗಾಗಿ ಸ್ವಲ್ಪ ಚರಿತ್ರೆ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ 1841ರಲ್ಲಿ ಅಚ್ಚುಕೂಟವನ್ನು ತೆರೆದರು. ಹರ್ಮನ್ ಮೋಗ್ಲಿಂಗ್ ಅಲ್ಲಿಂದ 1843ರ ಜುಲೈಯಲ್ಲಿ ಹೊರಡಿಸಿದ “ಮಂಗಳೂರ ಸಮಾಚಾರ” ಕಲ್ಲಚ್ಚಿನದು, ಅಂದರೆ ಕೈಯಿಂದ ಬರೆದು ಕಲ್ಲಿನ ಮೇಲಿಳಿಸಿ ಒತ್ತಿದ್ದು. ಕನ್ನಡದ ಮೊದಲ ಪತ್ರಿಕೆ ಮೊಳೆ ಜೋಡಿಸಿದ್ದಲ್ಲ, ಬರೆದದ್ದು ಎಂಬುದನ್ನು ನಾವು ಸಾಕಷ್ಟು ಹೆಮ್ಮೆಯಿಂದ ನೆನೆಯುವುದಿಲ್ಲ. ಇದೇ ಮೋಗ್ಲಿಂಗ್ ಮುಂದೆ ಕೊಡಗಿಗೆ ಬಂದು ನೆಲಸಿ, 1855ರಲ್ಲಿ ಆ ನಾಡಿನ ವಿಷಯವಾಗಿ ಇಂಗ್ಲಿಷಿನಲ್ಲೊಂದು ಗ್ರಂಥವನ್ನೂ ಪ್ರಕಟಿಸಿದ. ಇನ್ನು ಕಾರ್ಡಿನ ವಿಷಯಕ್ಕೆ ಬಂದರೆ, ಲಂಡನ್ನಿನ ವರ್ತಕರಲ್ಲಿ ಹೆಸರಿನ ಚೀಟಿಗಳು ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿಯೇ ವಾಡಿಕೆಯಲ್ಲಿದ್ದವು. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ವಿಲಿಯಂ ಹೊಗಾರ್ತನದು. ಬೆಳ್ಳಿಯ ಮೇಲೆ ಕೆತ್ತುವವನೊಬ್ಬನ ಬಳಿ ಕೆಲಸ ಕಲಿತು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸ್ವಂತ ಕಸುಬಿಗೆ ಇಳಿದ ಆತ, 1720ರ ಏಪ್ರಿಲ್ ತಿಂಗಳ ದಿನಾಂಕ ಹಾಕಿ ತನ್ನ ಚೀಟಿಯನ್ನು ತಾನೇ ಕೆತ್ತಿಕೊಂಡ. ಅದರಲ್ಲಿದ್ದ ಬರಹ ಆತನ ಹೆಸರು, ಕೆತ್ತನೆಗಾರನೆಂಬ ಒಂದು ಪದ, ದಿನಾಂಕ, ಇಷ್ಟೆ. ಉಳಿದ ಸ್ಥಳದಲ್ಲೆಲ್ಲ ಅಲಂಕಾರದ ಚೌಕಟ್ಟು, ಪ್ರತೀಕಮೂರ್ತಿಗಳು. ತಾನು ಒಳ್ಳೆಯ ಕೆತ್ತನೆಗಾರನೆಂದು ಆತ ಎಲ್ಲಿಯೂ ಬರೆಯಲಿಲ್ಲ. ನೋಡಿದವನಿಗೆ ಅದು ತಾನಾಗಿ ತಿಳಿಯುತ್ತಿತ್ತು.

ಸ್ವತಂತ್ರ ವೃತ್ತಿಯ ಕಲಾವಿದನ ಕಾರ್ಡಿಗೂ ಬೇರೆಯವರ ಕಾರ್ಡಿಗೂ ಇರುವ ಅಂತರ ಇದೇ ಎಂಬುದು ನನ್ನ ಮತ. ವಕೀಲನ ಕಾರ್ಡು ವಕೀಲಿಯಲ್ಲ, ವೈದ್ಯನ ಕಾರ್ಡು ಔಷಧವಲ್ಲ. ಅಕ್ಷರ ಬರೆಯುವವನ ಕಾರ್ಡಾದರೋ ಆತನ ಕೆಲಸದ ಮೊದಲ ಮಾದರಿ, ಗಿರಾಕಿ ಬೆಲೆ ಕೊಡದೆಯೇ ಮನೆಗೆ ಒಯ್ಯುವ ಏಕೈಕ ಮಾದರಿ. ಆದ್ದರಿಂದ ಗ್ರಾಫಿಕ್ ಡಿಸೈನರ್, ಇಲಸ್ಟ್ರೇಟರ್, ಫೋಟೋಗ್ರಾಫರ್, ಕಂಟೆಂಟ್ ಕ್ರಿಯೇಟರ್ ಎಂದು ಗೆರೆ ಎಳೆದೆಳೆದು ಬರೆಸಿದ ಕಾರ್ಡುಗಳನ್ನು ಕಂಡಾಗ, ಇವುಗಳಲ್ಲಿ ಯಾವುದು ಈತನ ಅನ್ನ ಎಂಬ ಸಂದೇಹವೇ ನನ್ನಲ್ಲಿ ಬಲಿಯುತ್ತದೆ. ಕುಶಾಲನಗರದ ಕಾರ್ಡಿನಲ್ಲಿ ಹೆಸರಿನ ಕೆಳಗೆ ಕಿರಿದಾಗಿ “ಅಕ್ಷರ, ಚಿತ್ರ” ಎಂದಿತ್ತು. ಇದಕ್ಕಿಂತ ಹೆಚ್ಚು ಏಕೆ ಬೇಕು?

ಹೆಸರಿಗೇ ಅಲ್ಲಿ ಸ್ಥಳ ಬೇಕಾಗಿತ್ತು. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು, ಅನಂತರ ವ್ಯಕ್ತಿಯದು. ಇಂಗ್ಲಿಷಿನಲ್ಲಿ ಎರಡು ಮೊದಲಕ್ಷರಗಳಲ್ಲಿ ಅಡಗಿಕೊಳ್ಳುವ ಸೇನಾನಿ ಕೊಡಂದೇರ ಮಾದಪ್ಪ ಕಾರ್ಯಪ್ಪ, ಕನ್ನಡದಲ್ಲಿ ಪೂರ್ಣವಾಗಿ ನಿಂತರೆ ಮೂರೂವರೆ ಅಂಗುಲವನ್ನೂ ತುಂಬಬಲ್ಲರು. ಕೊಡವ ಹಾಡುಗಳ ಸಂಗ್ರಹವಾದ “ಪಟ್ಟೋಲೆ ಪಳಮೆ”ಯ ನಾಡಿಕೇರಿಯಂಡ ಚಿಣ್ಣಪ್ಪನವರಿಗೂ ಅಷ್ಟೇ ಅವಕಾಶ ಬೇಕು. ಈಕೆಯ ಒಕ್ಕದ ಹೆಸರೂ ದೀರ್ಘವೇ. ಅದನ್ನು ಮೊಟಕುಗೊಳಿಸೆಂದು ಅಂಗಡಿಯಾತ ಸೂಚಿಸಿದ, ಆಕೆ ಒಪ್ಪಲಿಲ್ಲ. ಊರಿನವರಿಗೆ ತಾನು ಯಾರ ಮನೆಯವಳೆಂಬುದು ಒಕ್ಕದ ಹೆಸರಿನಿಂದಲೇ ಗೊತ್ತಾಗುವುದೆಂದೂ, ಆ ಹೆಸರಿನ ಮೇಲೆಯೇ ಅವರು ಮುಂಗಡ ಕೊಡುವರೆಂದೂ ನಗುತ್ತ ಹೇಳಿದರು. ವಿನ್ಯಾಸಶಾಸ್ತ್ರದ ಯಾವ ಗ್ರಂಥದಲ್ಲಿಯೂ ಈ ಸೂತ್ರ ಸಿಕ್ಕಲಾರದು.

ಅಂಗಡಿಯಾತನನ್ನು ನಾನು ಖಳನನ್ನಾಗಿ ಚಿತ್ರಿಸಿದೆನೆಂದು ಯಾರೂ ಭಾವಿಸಬಾರದು. ಕಸುಬಿನ ಸೂಕ್ಷ್ಮಗಳಲ್ಲಿ ಆತ ಹೇಳಿದ್ದೆಲ್ಲವೂ ಯಥಾರ್ಥ. ಸಣ್ಣ ಅಕ್ಷರಗಳನ್ನು ನಾಲ್ಕು ಬಣ್ಣಗಳ ಮಿಶ್ರಣದಿಂದ ಒತ್ತಿದರೆ ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಂಚು ಮಸುಕಾಗುವುದರಿಂದ, ಅವು ಶುದ್ಧ ಕಪ್ಪಿನ ಒಂದೇ ಪ್ಲೇಟಿನಲ್ಲಿ ಬರತಕ್ಕದ್ದು. ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರ ಕಣ್ಣಿಗೆ ಹಬ್ಬವಾದರೂ ಮಸಿ ಹರಡಿ ಒತ್ತಕ್ಷರಗಳ ಹೊಟ್ಟೆಯನ್ನು ಮುಚ್ಚಿಬಿಡುವುದು. ಕೈಕಾಗದದ ಮೇಲೆ ಆಕೆಗಿದ್ದ ಮೋಹವನ್ನೂ ಆತ ಮುರಿದ: ಈ ನಾಡಿನ ಮಳೆಗಾಲದಲ್ಲಿ ಲ್ಯಾಮಿನೇಷನ್ ಇಲ್ಲದ ಕಾಗದ ತೇವವನ್ನು ಹೀರಿ ಜೇಬಿನಲ್ಲಿಯೇ ಮೆತ್ತಗಾಗುವುದರಿಂದ, ಮುನ್ನೂರೈವತ್ತು ಜಿಎಸ್‌ಎಮ್ಮಿನ ಆರ್ಟ್ ಕಾರ್ಡಿಗೆ ಮ್ಯಾಟ್ ಲ್ಯಾಮಿನೇಷನ್ ಮಾಡಿಸುವುದೇ ಕ್ಷೇಮವೆಂದ. ಎಟಿಎಂ ಕಾರ್ಡಿಗಿಂತ ನಮ್ಮ ರೂಢಿಯ ಕಾರ್ಡು ಮೂರು ಮಿಲಿಮೀಟರಿನಷ್ಟು ಉದ್ದವಾದ್ದರಿಂದ ಪರ್ಸಿನ ಅರೆಯಲ್ಲಿ ತಲೆ ಹೊರಗಿಟ್ಟುಕೊಂಡು ಮಡಚಿಹೋಗುವುದೆಂದು ಎಚ್ಚರಿಸಿದವನೂ ಆತನೇ. ಕ್ಯೂಆರ್ ಚೌಕವನ್ನು ಹಾಕಿಸಲೇಬೇಕೆಂಬ ಹಟದಲ್ಲಿ ಮಾತ್ರ ನಾನು ಆತನ ಪಕ್ಷವಲ್ಲ. ಅದು ಉಪಯುಕ್ತವೆಂಬುದನ್ನು ಅಲ್ಲಗಳೆಯಲಾರೆ. ಆದರೆ ಮನುಷ್ಯನ ಕಣ್ಣಿಗೆ ಓದಲು ಬಾರದ ಒಂದು ಆಕೃತಿಗೆ ಕಾರ್ಡಿನ ಮುಖದಲ್ಲಿ ಅಗ್ರಾಸನ ಕೊಡುವುದು ಅಕ್ಷರದ ಕಸುಬಿನವರಿಗೆ ಶೋಭಿಸದು. ಬೇಕಿದ್ದರೆ ಹಿಂಬದಿಯಲ್ಲಿರಲಿ. ಆಕೆಯೂ ಕಡೆಗೆ ಹಾಗೆಯೇ ನಿರ್ಧರಿಸಿದರು. ಮುಂಬದಿಯಲ್ಲಿ ಹೀಗೆ ಉಳಿದ ಸ್ಥಳ ಕನ್ನಡ ಮತ್ತು ಟಿಬೆಟನ್ನಿನ ನಡುವಣ ಓಣಿಗೆ ಸಂದಿತು.

ಉಳಿದದ್ದು ಸಂಖ್ಯೆಯ ಜಗಳ. ಅನೇಕರ ಕಾರ್ಡುಗಳನ್ನು ಒಂದೇ ದೊಡ್ಡ ಹಾಳೆಯ ಮೇಲೆ ಕೂಡಿಸಿ ಶಿವಕಾಶಿಯಲ್ಲಿ ಅಚ್ಚು ಹಾಕುವುದರಿಂದ, ನೂರಾದರೂ ಸಾವಿರವಾದರೂ ಅಲ್ಲಿ ಖರ್ಚು ಹೆಚ್ಚುಕಡಿಮೆ ಒಂದೇ. ಹಾಗಾಗಿ ಸಾವಿರಕ್ಕೆ ಕಡಿಮೆ ಯಾರೂ ಹಾಕಿಸುವುದಿಲ್ಲವೆಂಬುದು ಅಂಗಡಿಯಾತನ ವಾದ. ವ್ಯಾಪಾರದ ಗಣಿತದಲ್ಲಿ ಇದಕ್ಕೆ ಪ್ರತ್ಯುತ್ತರವಿಲ್ಲ. ಆದರೆ ಕಾರ್ಡೇ ಕೆಲಸದ ಮಾದರಿಯೆಂದು ಒಮ್ಮೆ ಒಪ್ಪಿದಮೇಲೆ, ಸಾವಿರ ಪ್ರತಿಗಳು ಮುಗಿಯುವವರೆಗೆ ಈ ವರ್ಷದ ಕೈಯನ್ನೇ ಮುಂದಿನ ವರ್ಷಗಳಲ್ಲಿಯೂ ತೋರಿಸುತ್ತ ಹೋಗಬೇಕಾಗುವುದಷ್ಟೆ. ಕಲಿಯುತ್ತಿರುವ ಕೈಗೆ ಇದಕ್ಕಿಂತ ದುಬಾರಿಯಾದ ಅಗ್ಗದ ಸರಕು ಇನ್ನೊಂದಿಲ್ಲ. ಡಿಜಿಟಲ್ ಮುದ್ರಣದಲ್ಲಿ ಕಾರ್ಡೊಂದಕ್ಕೆ ಬೆಲೆ ಹೆಚ್ಚಾದರೂ ನೂರೇ ನೂರು ಹಾಕಿಸಿ, ಮುಗಿದೊಡನೆ ಮತ್ತೆ ಲೇಖನಿ ಹಿಡಿದು ಹೊಸದಾಗಿ ಬರೆಯುವ ಅನುಕೂಲವುಂಟು. ನನ್ನನ್ನು ಕೇಳಿದ್ದರೆ ಆಕೆಗೆ ಅದನ್ನೇ ಹೇಳುತ್ತಿದ್ದೆ. ಕೇಳದೆಯೇ ಆಕೆ ನೂರಕ್ಕೆ ಆರ್ಡರು ಕೊಟ್ಟರು, ಅಂಗಡಿಯಾತ ತಲೆಯಲ್ಲಾಡಿಸುತ್ತ ಬಿಲ್ಲು ಬರೆದ.