ಗಂಟಲುನೋವು ಮತ್ತು ರಜೆಯ ಅರ್ಜಿ

ಗಂಟಲುನೋವೆಂದು ರಜೆ ಕೇಳಿದವನನ್ನು ಮೇಲಧಿಕಾರಿಯೂ ಉಪಾಧ್ಯಾಯರೂ ಸ್ವಲ್ಪ ಸಂಶಯದಿಂದಲೇ ನೋಡುವುದುಂಟು. ಕಾಲು ಮುರಿದಿದ್ದರೆ ಪಟ್ಟಿ ಕಾಣುತ್ತದೆ. ಜ್ವರ ಬಂದಿದ್ದರೆ ಹಣೆ ಮುಟ್ಟಿ ನೋಡಬಹುದು. ಗಂಟಲಿನ ಬೇನೆಗೆ ಅನುಭವಿಸುವವನ ಮಾತೊಂದೇ ಸಾಕ್ಷಿ. ಸಾಲದ್ದಕ್ಕೆ, ವರ್ಷದಲ್ಲಿ ಒಂದು ದಿನವೂ ತಪ್ಪದೆ ಬಂದ ವಿದ್ಯಾರ್ಥಿಗೆ ಬಹುಮಾನ ಕೊಡುವ ಪದ್ಧತಿಯೂ ಶಾಲೆಗಳಲ್ಲಿದೆ. ಆದ್ದರಿಂದ ನಮ್ಮಲ್ಲಿ ಬಹುಮಂದಿ ಶುಂಠಿ ಕಷಾಯ ಕುಡಿದು, ಕೊರಳಿಗೆ ವಸ್ತ್ರ ಸುತ್ತಿಕೊಂಡು ಹೊರಟೇಬಿಡುತ್ತೇವೆ. ಇದು ಕರ್ತವ್ಯನಿಷ್ಠೆಯೋ ಅವಿವೇಕವೋ ಎಂಬುದನ್ನು ನಿರ್ಧರಿಸಬೇಕಾದರೆ, ಗಂಟಲಿನಲ್ಲಿ ಬೀಡುಬಿಟ್ಟಿರುವ ಜೀವಿ ಯಾವುದೆಂದು ಮೊದಲು ವಿಚಾರಿಸಬೇಕು.

ಹೆಚ್ಚಿನ ಗಂಟಲುನೋವುಗಳಿಗೆ ಕಾರಣ ವೈರಸ್‌ಗಳು. ಮೂಗು ಸೋರುವುದು, ಕೆಮ್ಮು, ಧ್ವನಿ ಒಡೆಯುವುದು, ಇವು ಅವುಗಳ ಗುರುತು. ಇಂತಹ ಬೇನೆ ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಪೆನಿಸಿಲಿನ್ ಮೊದಲಾದ ಔಷಧಗಳಿಂದ ಇಲ್ಲಿ ಎಳ್ಳಷ್ಟೂ ಪ್ರಯೋಜನವಿಲ್ಲ. ಉಳಿದವುಗಳಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದುದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದಿಂದ ಬರುವ ಬೇನೆ. ಸೂಕ್ಷ್ಮದರ್ಶಕದಲ್ಲಿ ಇದು ಮಣಿಸರದಂತೆ ಕಾಣುತ್ತದೆ. ಈ ಬೇನೆ ಹಠಾತ್ತಾಗಿ ಬರುತ್ತದೆ, ಜ್ವರ ಏರುತ್ತದೆ, ನುಂಗುವುದು ಕಷ್ಟವಾಗುತ್ತದೆ, ಟಾನ್ಸಿಲುಗಳ ಮೇಲೆ ಬಿಳಿಯ ಕೀವಿನ ಚುಕ್ಕೆಗಳು ಮೂಡಬಹುದು, ದವಡೆಯ ಕೆಳಗಿನ ಗಂಟುಗಳು ಊದಿ ನೋಯುತ್ತವೆ. ಕೆಮ್ಮು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಕೆಮ್ಮಿಲ್ಲದ ಗಂಟಲುನೋವು ಹಗುರವಾದುದೆಂದು ಜನ ಭಾವಿಸುವುದುಂಟು. ನಿಜಾಂಶ ಇದಕ್ಕೆ ವಿರುದ್ಧ! ಆದರೂ ಲಕ್ಷಣಗಳಿಂದಷ್ಟೇ ತೀರ್ಮಾನಿಸುವಂತಿಲ್ಲ. ಗಂಟಲಿನ ದ್ರವವನ್ನು ಹತ್ತಿಯ ಕಡ್ಡಿಯಿಂದ ತೆಗೆದು ಪರೀಕ್ಷಿಸಿದರೇ ನಿಶ್ಚಯ.

ಈ ಬೇನೆಯೂ ಕೆಲವು ದಿನಗಳಲ್ಲಿ ತಾನಾಗಿ ಇಳಿಯುವುದೇನೋ ಸರಿ. ಆದರೆ ಅಷ್ಟಕ್ಕೇ ಕತೆ ಮುಗಿಯುವುದಿಲ್ಲ. ಎರಡು ಮೂರು ವಾರಗಳ ತರುವಾಯ, ಗಂಟಲಿನ ನೆನಪೇ ಅಳಿದ ಮೇಲೆ, ಕೆಲವರ ಮೊಣಕಾಲು, ಮಣಿಕಟ್ಟುಗಳು ಒಂದರ ಹಿಂದೊಂದು ಊದಿಕೊಳ್ಳುತ್ತವೆ. ಇದೇ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದವರಲ್ಲಿ ಇದು ಹೆಚ್ಚು. ಬ್ಯಾಕ್ಟೀರಿಯವನ್ನು ಎದುರಿಸಲು ದೇಹವು ಸಿದ್ಧಪಡಿಸಿದ ರಕ್ಷಣಾಸಾಮಗ್ರಿಯು, ಹೋಲಿಕೆಯಿಂದ ಮೋಸಹೋಗಿ, ದೇಹದ ಅಂಗಾಂಶಗಳ ಮೇಲೆಯೇ ಎರಗುವುದು ಇದಕ್ಕೆ ಕಾರಣ. ಕೀಲುಗಳ ಊತ ಮಾಯುತ್ತದೆ; ಹೃದಯದ ಕವಾಟಗಳಿಗೆ ಪೆಟ್ಟು ಬಿದ್ದಿದ್ದರೆ ಅದು ಉಳಿಯಬಹುದು. ಬಾಲ್ಯದಲ್ಲಿ ಬಿದ್ದ ಪೆಟ್ಟು ಎಷ್ಟೋ ವರ್ಷಗಳ ಮೇಲೆ, ಮೆಟ್ಟಿಲು ಹತ್ತುವಾಗಿನ ಏದುಸಿರಾಗಿ, ಕೆಲವು ಸ್ತ್ರೀಯರಲ್ಲಿ ಗರ್ಭಿಣಿಯಾದಾಗ, ಮೊದಲ ಬಾರಿಗೆ ಪ್ರಕಟವಾಗುವುದುಂಟು. ನಮ್ಮ ದೇಶದಲ್ಲಿ ಈ ಹೃದ್ರೋಗ ಇನ್ನೂ ನಿರ್ಮೂಲವಾಗಿಲ್ಲ.

ಇದನ್ನು ತಡೆಯಬಹುದೆಂದು ತೋರಿಸಿದ್ದು ಅಮೆರಿಕದ ವಾಯೋಮಿಂಗ್ ಸಂಸ್ಥಾನದ ವಾರನ್ ವಾಯುಸೇನಾ ನೆಲೆಯಲ್ಲಿ. ಹೊಸದಾಗಿ ಸೇರಿದ ತರುಣರು ಅಲ್ಲಿ ಒಂದೇ ಸೂರಿನಡಿ ಮಲಗುತ್ತಿದ್ದುದರಿಂದ ಈ ಬೇನೆ ಕಾಳ್ಗಿಚ್ಚಿನಂತೆ ಹಬ್ಬುತ್ತಿತ್ತು. 1950ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಪೆನಿಸಿಲಿನ್ ಪಡೆದ 798 ರೋಗಿಗಳಲ್ಲಿ ಇಬ್ಬರಿಗೆ ಮಾತ್ರ ರುಮ್ಯಾಟಿಕ್ ಜ್ವರ ಬಂದಿತು. ಪಡೆಯದ 804 ಮಂದಿಯಲ್ಲಿ 17 ಮಂದಿಗೆ ಬಂದಿತು. ಔಷಧವಿಲ್ಲದೆ ಬಿಟ್ಟುದು ಕ್ರೂರವಲ್ಲವೇ ಎಂದು ವಾಚಕರು ಕೇಳಬಹುದು. ಪೆನಿಸಿಲಿನ್ನಿಂದ ಆ ಜ್ವರ ತಡೆಯುವುದೋ ಇಲ್ಲವೋ ಎಂಬುದೇ ಆಗ ತಿಳಿದಿರಲಿಲ್ಲ. ತಿಳಿದ ಮೇಲೆ ಹಾಗೆ ಬಿಡುವುದನ್ನು ಯಾವ ವೈದ್ಯನೂ ಒಪ್ಪಲಾರನು. ಬೇನೆ ಪ್ರಾರಂಭವಾದ ಒಂಬತ್ತು ದಿನಗಳೊಳಗೆ ಚಿಕಿತ್ಸೆ ತೊಡಗಿದರೂ ಈ ರಕ್ಷಣೆ ದೊರೆಯುತ್ತದೆ. ಆದುದರಿಂದ ಅರ್ಧರಾತ್ರಿಯಲ್ಲಿ ಗಾಬರಿಪಡಬೇಕಾಗಿಲ್ಲ. ಆದರೆ ಎರಡು ವಾರ ಮುಂದೂಡುವಂತೆಯೂ ಇಲ್ಲ. ವೈದ್ಯರು ಪೆನಿಸಿಲಿನ್ ಗುಳಿಗೆಗಳನ್ನು ಹತ್ತು ದಿನಕ್ಕೆ ಬರೆದುಕೊಟ್ಟರೆ ಹತ್ತು ದಿನವೂ ನುಂಗಬೇಕು. ಮೂರನೆಯ ದಿನ ನೋವು ನಿಂತಿತೆಂದು ಮಿಕ್ಕವನ್ನು ಗೂಡಿನಲ್ಲಿಟ್ಟು, ಮುಂದಿನ ತಿಂಗಳು ತಮ್ಮನಿಗೆ ಕೊಡುವ ಮಿತವ್ಯಯ ಮಾತ್ರ ಬೇಡ.

ಅದೇ ನೆಲೆಯ ಮತ್ತೊಂದು ಶೋಧನೆ ರಜೆಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ರೋಗಾಣುಗಳಿಂದ ಕಲುಷಿತವಾದ ಕಂಬಳಿಗಳನ್ನು ಹೊಸಬರಿಗೆ ಹೊದೆಯಲು ಕೊಟ್ಟು ನೋಡಿದಾಗ ರೋಗ ಹೆಚ್ಚಲಿಲ್ಲ. ಕೋಣೆಯ ಧೂಳಿನಿಂದಲೂ ಅದು ಹರಡುವಂತೆ ಕಾಣಲಿಲ್ಲ. ಆದರೆ ರೋಗಾಣುವನ್ನು ಹೊತ್ತವನ ಮಂಚಕ್ಕೆ ಹತ್ತಿರ ಮಲಗಿದವರಿಗೆ ಅದು ಹೆಚ್ಚಾಗಿ ತಗುಲುತ್ತಿತ್ತು. ಎಂದರೆ, ಹರಡಿಸುವುದು ಮುಖ್ಯವಾಗಿ ಪಕ್ಕದಲ್ಲಿರುವ ಮನುಷ್ಯನೇ. ತರಗತಿಯ ಬೆಂಚು, ಕಚೇರಿಯ ಮೇಜು, ವಿದ್ಯಾರ್ಥಿನಿಲಯದ ಕೊಠಡಿ, ಇವೆಲ್ಲವೂ ಆ ಮಂಚಗಳ ಸಾಲಿನಂತೆಯೇ. ಗಂಟಲುನೋವಿನವನು ಮನೆಯಲ್ಲಿ ಉಳಿದರೆ ಅದರ ಲಾಭ ಅವನಿಗಿಂತ ಅವನ ನೆರೆಯವನಿಗೇ ಹೆಚ್ಚು.

ರಜೆ ಎಷ್ಟು ದಿನ? ಸ್ಟ್ರೆಪ್ಟೊಕಾಕಸ್ ಬೇನೆಯಾದರೆ, ಜ್ವರ ಬಿಟ್ಟಿರಬೇಕು, ಔಷಧ ತೊಡಗಿ ಒಂದು ಹಗಲು ಒಂದು ರಾತ್ರಿ ಕಳೆದಿರಬೇಕು. ಬಳಿಕ ಹೋಗಲು ಅಡ್ಡಿಯಿಲ್ಲ. ವೈರಸ್ಸಿನದಾದರೆ, ಜ್ವರಶಾಮಕ ಔಷಧದ ನೆರವಿಲ್ಲದೆ 24 ಗಂಟೆ ಜ್ವರವಿಲ್ಲದಿರುವುದು ಒಳ್ಳೆಯ ಅಳತೆ. ಉಪಾಧ್ಯಾಯರು, ಗಾಯಕರು, ವಕೀಲರು ಧ್ವನಿ ಒಡೆದಾಗ ಇನ್ನೆರಡು ದಿನ ಮೌನವಾಗಿದ್ದರೆ ಲೇಸು. ಪಿಸುಮಾತಿನಿಂದ ಧ್ವನಿಗೆ ವಿಶ್ರಾಂತಿ ದೊರೆಯುವುದೆಂಬ ನಂಬಿಕೆ ಸರಿಯಲ್ಲ. ಅದರಿಂದಲೂ ಧ್ವನಿಪೆಟ್ಟಿಗೆ ದಣಿಯಬಹುದು.

ಮನೆಯ ಉಪಚಾರ ಸರಳವಾದುದು. ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಗಂಟಲಿಗೆ ತಾಗುವಂತೆ ಮುಕ್ಕಳಿಸಿದರೆ ಹಿತವೆನಿಸುತ್ತದೆ. ಗಂಜಿ, ಸಾರು, ಬೇಕಾದಷ್ಟು ನೀರು, ನಿದ್ರೆ, ನೋವಿಗೆ ಪ್ಯಾರಸಿಟಮಾಲ್. ಹುಡುಗರಿಗೆ ಆಸ್ಪಿರಿನ್ ಕೊಡಬಾರದು. ಉಗುಳನ್ನೂ ನುಂಗಲಾಗದಿದ್ದರೆ, ಉಸಿರಾಟದಲ್ಲಿ ಕರ್ಕಶ ಶಬ್ದ ಬಂದರೆ, ಬಾಯಿ ತೆರೆಯಲಾಗದಿದ್ದರೆ ಕಷಾಯ ಕಾಯಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ವಿದ್ಯಾರ್ಥಿಗೆ ರಜೆಯಿಂದಾಗುವ ನಷ್ಟ ಒಂದೆರಡು ಪಾಠ. ಸ್ನೇಹಿತನ ಟಿಪ್ಪಣಿಯಿಂದ ಅದು ತುಂಬೀತು. 1948ರಲ್ಲಿ ಅಂಗೀಕೃತವಾದ ನೌಕರರ ರಾಜ್ಯ ವಿಮಾ ಕಾಯಿದೆಯು, ಕಾಯಿಲೆ ಬಿದ್ದ ಕಾರ್ಖಾನೆಯ ಕೆಲಸಗಾರನಿಗೆ ನಗದು ನೆರವು ದೊರೆಯಬೇಕೆಂಬ ತತ್ತ್ವವನ್ನು ನಮ್ಮಲ್ಲಿ ನೆಲೆಗೊಳಿಸಿತು. ಆದರೆ ಗಾರೆಯ ಕೆಲಸದವನಿಗೂ, ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗನಿಗೂ, ನಾಲ್ಕು ಮನೆಗಳಲ್ಲಿ ಪಾತ್ರೆ ಬೆಳಗುವ ಹೆಂಗಸಿಗೂ ಎರಡು ದಿನ ಮನೆಯಲ್ಲಿ ಮಲಗುವುದೆಂದರೆ ಸಾಮಾನ್ಯವಾಗಿ ಎರಡು ದಿನದ ಕೂಲಿ ಹೋದಂತೆಯೇ. ವೈದ್ಯರ ಸಲಹೆಯನ್ನು ಪಾಲಿಸಲು ಅವರಿಗೆ ಮನಸ್ಸಿಲ್ಲವೆಂದಲ್ಲ. ಆ ಕೂಲಿಯನ್ನು ತುಂಬಿಕೊಡುವವರು ಇಲ್ಲ.